ಹಳೇ ಎಕ್ಸ್‌ಪಲ್ಸ್ ನೋಡಕ್ಕೆ ಹೋಗಿದ್ದು



ನಮ್ಮ ಶಿವಾರಪಟ್ಟಣದಲ್ಲಿ ನಂದು ಒಂದೂವರೆ ಎಕರೆ ಹಿಪ್ಪುನೇರಳೆ ಐತೆ. ಮಳೆ ಬಿದ್ರೆ ತೋಟದ ದಾರೀಲಿ 40 ಅಡಿ ಬರೀ ಕೊಚ್ಚೆ. ಹೋದ ಮುಂಗಾರಲ್ಲಿ ಸೊಪ್ಪಿನ ಹೊರೆ ಸಮೇತ ಎಕ್ಸೆಲ್ ಜಾರಿ ಬಿದ್ದೆ. ಎಡಮಂಡಿ ಒಂದು ತಿಂಗಳು ಮಡಚಕ್ಕಾಗಲಿಲ್ಲ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಸೊಪ್ಪು ತರೋರಿಲ್ಲದೆ ಅರ್ಧ ಬೆಳೆ ಹೋಯ್ತು.

ಮಗ ಅಂದ, “ಅಪ್ಪಾ, ಎಂಡ್ಯೂರೊ ತರದ ಗಾಡಿ ತಗೊಳಣ. ಹಳ್ಳ, ಕಲ್ಲು ಏನೂ ಲೆಕ್ಕಕ್ಕಿಲ್ಲ.” ಹೊಸಕೋಟೆ ಕಡೆ ಒಂದು ಸೆಕೆಂಡ್ ಹ್ಯಾಂಡ್ ಹೀರೋ ಎಕ್ಸ್‌ಪಲ್ಸ್ 200 ಇತ್ತು. 2011ರಲ್ಲಿ ಇಂಪಲ್ಸ್ ಅಂತ ಬಂದಿತ್ತಲ್ಲ, ಅದರ ತಮ್ಮ ಅನ್ನಿ, 2019ರಲ್ಲಿ ಬಂದಿದ್ದು. ಮುಂದಿನ ಚಕ್ರ 21 ಇಂಚು, ಹಿಂದಿನದು 18. ದೊಡ್ಡ ಚಕ್ರ ಸಣ್ಣ ಗುಂಡಿಗೆ ಬೀಳಲ್ಲ, ದಾಟಿಬಿಡುತ್ತೆ. ಎಂಜಿನ್ ಕೆಳಗೆ 220 ಮಿ.ಮೀ. ಜಾಗ.

ಓಡಿಸಿದೆ. ಸುಳ್ಳು ಯಾಕೆ, ಇಪ್ಪತ್ತು ವರ್ಷ ಕಮ್ಮಿ ಆದಂಗಾಯ್ತು. ನಿಲ್ಲಿಸಿದಾಗ ಗೊತ್ತಾಯ್ತು ಕಷ್ಟ. ಸೀಟು 823 ಮಿ.ಮೀ. ಎತ್ತರ, ನಾನು ಐದಡಿ ಮೂರಿಂಚು. ಕಾಲ್ಬೆರಳು ಮಾತ್ರ ನೆಲಕ್ಕೆ ತಾಕ್ತು. ಮಾರೋ ಹುಡುಗನ್ನ ಕೇಳಿ ಗಾಡೀನ ಹುಲ್ಲಿನ ಮೇಲೆ ಮಲಗಿಸಿ, ಒಬ್ಬನೇ ಎತ್ತಕ್ಕೆ ನೋಡಿದೆ. 150 ಕೆ.ಜಿ. ಮೇಲೆ ತೂಕ. ಮಂಡಿ ಒಪ್ಪಲಿಲ್ಲ, ಮಗ ಓಡಿ ಬಂದು ಹಿಡ್ಕೊಂಡ. ಬೆಳಿಗ್ಗೆ ಐದು ಗಂಟೆಗೆ ತೋಟದಲ್ಲಿ ಯಾರು ಬರ್ತಾರೆ?

ಆರ್‌ಸಿಲಿ ಫೈನಾನ್ಸ್‌ನೋರ ಹೆಸರು ಇನ್ನೂ ಹಂಗೇ ಇತ್ತು. “ಸಾಲ ತೀರೈತೆ ಅಂಕಲ್” ಅಂದ. ಎನ್‌ಒಸಿ ಕೇಳಿದ್ರೆ ಇಲ್ಲ. ವಾಪಸ್ ಬಂದ್ವಿ.

ಎತ್ತರ ಇರೋರು, ಮಂಡಿ ಗಟ್ಟಿ ಇರೋರು ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ಮುಂದಿನ ಫೋರ್ಕಲ್ಲಿ ಆಯಿಲ್ ಜಿನುಗ್ತಾ ಐತಾ ನೋಡಿ. ಚಕ್ರ ತಿರುಗಿಸಿ ರಿಮ್ಮು ಸೊಟ್ಟ ಆಗೈತಾ ನೋಡಿ. ಕಡ್ಡಿಗಳನ್ನ ಒಂದೊಂದಾಗಿ ತಟ್ಟಿ, ಸಡಿಲ ಇರೋದು ಬೇರೆ ತರ ಸದ್ದು ಮಾಡುತ್ತೆ. ಚಾಸಿ ನಂಬರು ಆರ್‌ಸಿಗೆ ತಾಳೆ ಆಗ್ಬೇಕು. ಸಾಲ ಇದ್ರೆ ಫಾರಂ 35, ಹೆಸರು ಬದಲಾಯಿಸಕ್ಕೆ 29 ಮತ್ತು 30 ಸಹಿ ಹಾಕಿಸಿಕೊಂಡೇ ದುಡ್ಡು ಕೊಡಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಕ್ಕೆ 14 ದಿನದೊಳಗೆ ಅರ್ಜಿ ಹಾಕಿ. ಎಲ್ಲಕ್ಕಿಂತ ಮೊದಲು, ಮಲಗಿಸಿ ಎತ್ತಿ ನೋಡಿ.

ಕೊನೆಗೆ ನಾವು ಅಕ್ಕಪಕ್ಕದ ಮೂರು ಜನ ಸೇರಿ, ನಮ್ಮೂರ ಶಿಲ್ಪಿಗಳ ಶೆಡ್ಡಿಂದ ಎರಡು ಟ್ರ್ಯಾಕ್ಟರ್ ಕಲ್ಲು ಚಕ್ಕೆ ತಂದು ಆ 40 ಅಡಿಗೆ ಹಾಸಿದ್ವಿ. ಈ ಸಲ ಮಳೇಲಿ ಎಕ್ಸೆಲ್ಲೇ ಹೋಗ್ತಾ ಐತೆ, ಹುಳಕ್ಕೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳ್ತಾ ಐತೆ.

ಆದ್ರೂ ಮಾಲೂರು ರಸ್ತೇಲಿ ಎಕ್ಸ್‌ಪಲ್ಸ್ ಹೋದ್ರೆ ತಿರುಗಿ ನೋಡ್ತೀನಿ.