ಹಿಮದ ನೀರು

2021ರ ಫೆಬ್ರವರಿ. ಡಲ್ಲಾಸಿನಲ್ಲಿ ಅಂಥ ಚಳಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಟೆಕ್ಸಸ್ಸಿನ ಲಕ್ಷಾಂತರ ಮನೆಗಳ ಹಾಗೆ ನಮ್ಮ ಮನೆಯಲ್ಲೂ ಕರೆಂಟು ಹೋಗಿ, ನಲ್ಲಿಯೊಳಗೆ ನೀರು ಹೆಪ್ಪುಗಟ್ಟಿತ್ತು. ಹ್ಯೂಸ್ಟನ್ನಿನಿಂದ ಬಂದಿದ್ದ ಅಣ್ಣ, ಅತ್ತಿಗೆ, ಆಸ್ಟಿನ್ನಿನಲ್ಲಿ ಓದುತ್ತಿದ್ದ ಅವರ ಮಗಳು, ನನ್ನ ಜೊತೆಗಿದ್ದ ಅಪ್ಪ, ಎಲ್ಲರೂ ಫೈರ್‌ಪ್ಲೇಸಿನ ಮುಂದೆ ಕಂಬಳಿ ಹೊದ್ದು ಕೂತಿದ್ದೆವು.

ಅತ್ತಿಗೆ ದೇವರಿಗೆ ದೀಪ ಹಚ್ಚಿ ಮಗಳನ್ನು ಕರೆದಳು. ಹುಡುಗಿ ಏಳಲಿಲ್ಲ. "ನಂಗೆ ನಂಬಿಕೆ ಇಲ್ಲಮ್ಮ. ಸುಮ್ಮನೆ ಕೈಮುಗಿದರೆ ಸುಳ್ಳಾಗುತ್ತೆ."

"ಇದಕ್ಕೇನಾ ನಿನ್ನನ್ನ ಓದಿಸ್ತಿರೋದು?" ಎಂದು ಅಣ್ಣ ಗದರಿದ. ಆ ಮಾತು ನನಗೆ ಇಂದಿಗೂ ಚುಚ್ಚುತ್ತದೆ.

ಅವಳು ಬಿಡಲಿಲ್ಲ. "ಅಧಿಕಾರಕ್ಕೆ ಬರೋರು ಪರಮಾತ್ಮ ಇದ್ದಾನೆ ಅಂತ ಒಪ್ಪಬೇಕು ಅನ್ನೋ ಮಾತು ಟೆಕ್ಸಸ್ ಸಂವಿಧಾನದಲ್ಲಿ ಇವತ್ತಿಗೂ ಇದೆ. ಅಂಥ ಷರತ್ತು ಸಲ್ಲದು ಅಂತ ಸುಪ್ರೀಂ ಕೋರ್ಟು 1961ರಲ್ಲೇ ಹೇಳಿದೆ. ಮನೇಲೂ ಅದೇ ಷರತ್ತಾ ಅಪ್ಪ?"

ಯಾರೂ ಮಾತಾಡಲಿಲ್ಲ. ಅಪ್ಪ ಕೊಳ್ಳಿಯನ್ನು ಮುಂದಕ್ಕೆ ತಳ್ಳಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಮಾತೆತ್ತಿದರು. ಅಲ್ಲಿ ಅವರಿಗೆ ಎಚ್. ನರಸಿಂಹಯ್ಯನವರು ಮೇಷ್ಟ್ರು. ಗೌರಿಬಿದನೂರಿನ ಹೊಸೂರಿನ ಬಡ ಹುಡುಗ ಅಮೆರಿಕದ ಓಹಿಯೋದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, ತಿರುಗಿ ಬಂದು, ಖಾದಿ ಉಟ್ಟು ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬಾಳಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೂ ಪತ್ರ ಬರೆದರು. ಉಂಗುರವಲ್ಲ, ತೋಳಿನಲ್ಲಿ ಅಡಗಿಸಲಾಗದ ಕುಂಬಳಕಾಯಿ ಸೃಷ್ಟಿಸಲಿ ಎಂಬ ಅವರ ಮಾತು ಊರೆಲ್ಲ ಹಬ್ಬಿತು.

"ನಮ್ಮ ದೇವರ ಮನೇಲಿ ಬಾಬಾ ಫೋಟೋ ಇತ್ತು. ಪೇಪರ್ ಓದಿ ನನ್ನ ಮೇಷ್ಟ್ರ ಮೇಲೇ ಸಿಟ್ಟು ಬಂತು," ಎಂದರು ಅಪ್ಪ. "ಅಮ್ಮ ಓದು ಬರಹ ಕಲಿತವಳಲ್ಲ. ಬತ್ತಿ ಹೊಸೀತಾ ಕೇಳಿದಳು, 'ಕೇಳಿದ್ರೆ ಸವೆದುಹೋಗೋ ದೇವರೇನೋ ನಿಂದು?' ಆ ರಾತ್ರಿ ನಿದ್ದೆ ಬರಲಿಲ್ಲ."

ಅತ್ತಿಗೆ ಕಣ್ಣೊರೆಸಿಕೊಂಡು ಮಗಳ ಕಾಲ ಮೇಲೆ ಕಂಬಳಿ ಎಳೆದಳು.

ಬೆಳಗ್ಗೆ ಎದ್ದು ನೋಡಿದರೆ ಹುಡುಗಿ ಹಿತ್ತಿಲಿನಿಂದ ಹಿಮ ತುಂಬಿ ತಂದು ಬೆಂಕಿಯ ಪಕ್ಕದಲ್ಲಿ ಕರಗಿಸುತ್ತಿದ್ದಳು. "ತಾತ, ಸಂಧ್ಯಾವಂದನೆಗೆ ಈ ನೀರು ಆಗುತ್ತಾ?"

"ಆಗುತ್ತೆ ಮಗು. ಆದ್ರೆ ನಾನು ಇದನ್ನ ಯಾಕೆ ಮಾಡ್ತೀನಿ ಅಂತ ನೀನು ಕೇಳಲೇ ಇಲ್ಲವಲ್ಲ?"

ಅವಳು ಪಾತ್ರೆ ಕೆಳಗಿಟ್ಟು ಎದುರಿಗೆ ಕೂತಳು. "ಯಾಕೆ ತಾತ?"

ಅಪ್ಪ ಪಂಚಪಾತ್ರೆಯನ್ನು ಪಕ್ಕಕ್ಕೆ ಸರಿಸಿ ಹೇಳತೊಡಗಿದರು.