ಬ್ರಿಟನಿಯ ಎರಡು ರೇವುಪಟ್ಟಣಗಳು

ಫ್ರಾನ್ಸ್ ದೇಶದ ನಕಾಶೆಯ ವಾಯವ್ಯ ಮೂಲೆಯಲ್ಲಿ, ಅಟ್ಲಾಂಟಿಕ್ ಸಾಗರದೊಳಕ್ಕೆ ಮೂತಿ ಚಾಚಿದಂತೆ ಕಾಣುವ ಭೂಭಾಗವೇ ಬ್ರಿಟನಿ. ಐದು, ಆರನೆಯ ಶತಮಾನಗಳಲ್ಲಿ ಬ್ರಿಟನ್ ದ್ವೀಪದಿಂದ ವಲಸೆ ಬಂದ ಜನ ಈ ನೆಲಕ್ಕೆ ತಮ್ಮ ನಾಡಿನ ಹೆಸರನ್ನೂ ನುಡಿಯನ್ನೂ ತಂದರು. ಬ್ರೆಟನ್ ಎಂಬ ಆ ನುಡಿ ಫ್ರೆಂಚಿನ ಬಳಗದ್ದಲ್ಲ. ವೆಲ್ಷ್ ಭಾಷೆಯ ಸೋದರಿ. 1532ರಲ್ಲಿ ಫ್ರಾನ್ಸಿನೊಡನೆ ಐಕ್ಯವಾಗುವವರೆಗೆ ಇದು ಡ್ಯೂಕರ ಆಳ್ವಿಕೆಯ ಪ್ರತ್ಯೇಕ ಸಂಸ್ಥಾನವಾಗಿತ್ತು.

ಉತ್ತರ ತೀರದಲ್ಲಿ, ರಾನ್ಸ್ ನದಿಯ ಮುಖದಲ್ಲಿ, ಗ್ರಾನೈಟ್ ಕಲ್ಲಿನ ಕೋಟೆಗೋಡೆಯೊಳಗೆ ಸೇಂಟ್ ಮಾಲೋ ಪಟ್ಟಣವಿದೆ. ಇಲ್ಲಿಯ ಕಡಲಿನ ಉಬ್ಬರವಿಳಿತಗಳು ಯೂರೋಪಿನಲ್ಲೇ ಹೆಸರಾದುವು. ದೊಡ್ಡ ಉಬ್ಬರದ ದಿನಗಳಲ್ಲಿ ನೀರಿನ ಏರಿಳಿತದ ಅಂತರ 12 ಮೀಟರನ್ನೂ ಮೀರುತ್ತದೆ. ಈ ಶಕ್ತಿಯನ್ನು ಹಿಡಿದು ವಿದ್ಯುತ್ತನ್ನು ಉತ್ಪಾದಿಸುವ ಕೇಂದ್ರವೊಂದು 1966ರಲ್ಲಿ ರಾನ್ಸ್ ನದಿಗೆ ಅಡ್ಡವಾಗಿ ಎದ್ದಿತು. ಊರಿನೆದುರಿನ ಗ್ರಾಂ ಬೇ ಎಂಬ ನಡುಗಡ್ಡೆಗೆ ನೀರಿಳಿದಾಗ ನಡೆದೇ ಹೋಗಬಹುದು. ನೀರೇರಿತೆಂದರೆ ದಾರಿ ಮಾಯ. ಈ ಊರಿನಲ್ಲಿ ಹುಟ್ಟಿದ ಸಾಹಿತಿ ಶಾತೋಬ್ರಿಯಾಂ ತನ್ನ ಸಮಾಧಿಗೆಂದು ಆ ಸ್ಥಳವನ್ನೇ ಬೇಡಿ ಪಡೆದ. ಸಮಾಧಿಯ ಮೇಲೆ ಅವನ ಹೆಸರು ಕೂಡ ಇಲ್ಲ.

ಸೇಂಟ್ ಮಾಲೋದ ಸಂಪತ್ತಿಗೆ ಒಂದು ಮೂಲ ಮೀನುಗಾರಿಕೆ ಮತ್ತು ವ್ಯಾಪಾರ. ಇನ್ನೊಂದು, ರಾಜನ ಅಪ್ಪಣೆಪತ್ರ ಪಡೆದು ಶತ್ರುಗಳ ಹಡಗುಗಳನ್ನು ಸೂರೆಗೊಳ್ಳುವ ಉದ್ಯೋಗ. ಅಪ್ಪಣೆಪತ್ರವಿದ್ದವನು ವೀರ, ಇಲ್ಲದವನು ಕಡಲ್ಗಳ್ಳ! ಇಲ್ಲಿಯ ಸುರ್ಕೂಫ್ 1800ರಲ್ಲಿ ಬಂಗಾಳ ಕೊಲ್ಲಿಯವರೆಗೂ ಬಂದು ಇಂಗ್ಲಿಷ್ ಕಂಪನಿಯ 'ಕೆಂಟ್' ಹಡಗನ್ನು ಹಿಡಿದುಕೊಂಡ. ಅವನಿಗಿಂತ ಮೊದಲೇ, 1746ರ ಸೆಪ್ಟೆಂಬರಿನಲ್ಲಿ, ಮದರಾಸನ್ನು ಇಂಗ್ಲಿಷರಿಂದ ಕಸಿದುಕೊಂಡ ಲಾ ಬುರ್ದೊನೆಯೂ ಈ ಊರಿನವನೇ. ಗೆದ್ದ ನಗರವನ್ನು ಹಣ ಪಡೆದು ಹಿಂತಿರುಗಿಸುವ ವಿಚಾರದಲ್ಲಿ ಪಾಂಡಿಚೇರಿಯ ಡೂಪ್ಲೆಯೊಡನೆ ಅವನಿಗೆ ಕಲಹವಾಯಿತು. ಸ್ವದೇಶಕ್ಕೆ ಮರಳಿದವನಿಗೆ ಕಾದಿದ್ದುದು ಬಾಸ್ತೀಲ್ ಸೆರೆಮನೆ. 1751ರಲ್ಲಿ ನಿರಪರಾಧಿಯೆಂದು ತೀರ್ಪಾದರೂ ಅವನು ಹೆಚ್ಚು ಕಾಲ ಬದುಕಲಿಲ್ಲ, 1753ರಲ್ಲಿ ತೀರಿಕೊಂಡ.

ಮದರಾಸು ಫ್ರೆಂಚರ ವಶವಾದ ಕೆಲವೇ ದಿನಗಳಲ್ಲಿ ಇಂಗ್ಲಿಷರ ಸೈನ್ಯ ಬ್ರಿಟನಿಯ ದಕ್ಷಿಣ ತೀರದಲ್ಲಿಳಿದು ಲೋರಿಯಾಂ ಪಟ್ಟಣವನ್ನು ಮುತ್ತಿತು. ಒಳಗಿದ್ದವರು ಶರಣಾಗಲು ಸಿದ್ಧರಾಗುತ್ತಿದ್ದ ಹೊತ್ತಿಗೆ ಹೊರಗಿದ್ದವರು ಬೇಸತ್ತು ಹಡಗು ಹತ್ತಿದ್ದರಂತೆ! ಮುತ್ತಿಗೆಗೆ ಕಾರಣ ಸ್ಪಷ್ಟ. ಅದು ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ 1666ರಲ್ಲಿ ಬಯಲಿನಲ್ಲಿ ಕಟ್ಟಿಕೊಂಡ ರೇವು. ಅಲ್ಲಿ ನಿರ್ಮಾಣವಾದ 'ಮೂಡಣದ ಸೂರ್ಯ' ಎಂಬ ಅರ್ಥದ ಹೆಸರಿನ ಹಡಗಿನಿಂದ ಊರಿಗೂ 'ಮೂಡಣ' ಎಂಬ ಹೆಸರೇ ನಿಂತಿತು. ಪಡುವಣ ಕಡಲಿನ ಊರಿಗೆ ಮೂಡಣವೆಂಬ ಹೆಸರು! 1734ರಿಂದ ಕಂಪನಿಯ ಹರಾಜು ಇಲ್ಲಿಯೇ ನಡೆಯತೊಡಗಿ, ಮಲಬಾರಿನ ಮೆಣಸು, ಕೋರಮಂಡಲದ ಹತ್ತಿಬಟ್ಟೆ, ಚೀನದ ಚಹಾ ರಾಶಿರಾಶಿಯಾಗಿ ಬಂದು ಬಿದ್ದುವು. ಸ್ವದೇಶದ ನೇಕಾರರ ಹಿತಕ್ಕಾಗಿ ಭಾರತದ ಅಚ್ಚುಬಟ್ಟೆಯನ್ನು ಉಡುವುದನ್ನು ಫ್ರಾನ್ಸ್ 1686ರಿಂದ 1759ರವರೆಗೆ ನಿಷೇಧಿಸಿತ್ತು. ಆದರೂ ಅದನ್ನು ಪರದೇಶಗಳಿಗೆ ಮಾರಲು ಅಡ್ಡಿಯಿರಲಿಲ್ಲ. ಹೆಂಗಸರು ಕದ್ದಾದರೂ ಅದನ್ನೇ ಉಟ್ಟರೆಂಬುದು ಆ ಕಾನೂನಿನ ಬಲವನ್ನು ತಿಳಿಸುತ್ತದೆ.

ಈ ಎರಡೂ ಪಟ್ಟಣಗಳು ಎರಡನೆಯ ಮಹಾಯುದ್ಧದಲ್ಲಿ ಒಂದೂವರೆ ವರ್ಷದ ಅಂತರದಲ್ಲಿ ಬೂದಿಯಾದುವು. ಲೋರಿಯಾಂ ಬಳಿ ಜರ್ಮನರು ಕಟ್ಟಿದ್ದ ಜಲಾಂತರ್ಗಾಮಿ ನೆಲೆಯ ಕಾಂಕ್ರೀಟ್ ಸೂರನ್ನು ಒಡೆಯಲಾಗದೆ, ಮಿತ್ರರಾಷ್ಟ್ರಗಳ ವಿಮಾನಗಳು 1943ರ ಆರಂಭದಲ್ಲಿ ಅದರ ಸುತ್ತಲಿನ ಊರನ್ನೇ ನೆಲಸಮ ಮಾಡಿದುವು. ನೆಲೆ ಉಳಿಯಿತು, ಊರು ಅಳಿಯಿತು. ಜರ್ಮನ್ ಪಡೆ 1945ರ ಮೇ ತಿಂಗಳವರೆಗೆ ಅಲ್ಲಿ ಕದಲದೆ ಕುಳಿತಿತ್ತು. ಸೇಂಟ್ ಮಾಲೋದ ಸರದಿ 1944ರ ಆಗಸ್ಟ್. ಕೋಟೆಗೋಡೆ ಉಳಿದು ಒಳಗಿನ ಮನೆಗಳಲ್ಲಿ ಸುಮಾರು ಮುಕ್ಕಾಲಿಗೂ ಹೆಚ್ಚು ಸುಟ್ಟುಹೋದುವು.

ಬಳಿಕ ಎರಡೂ ಊರುಗಳು ಬೇರೆಬೇರೆ ದಾರಿ ಹಿಡಿದುವು. ಸೇಂಟ್ ಮಾಲೋದವರು ಹಳೆಯ ರೂಪದಲ್ಲಿಯೇ, ಅದೇ ಗ್ರಾನೈಟಿನಲ್ಲಿ, ಕಡಿದಾದ ಮಾಡುಗಳ ಮನೆಗಳನ್ನೆಬ್ಬಿಸಿದರು. ದೇವಾಲಯದ ಶಿಖರ 1972ರಲ್ಲಿ ಮುಗಿಯಿತು. ಹದಿನೆಂಟನೆಯ ಶತಮಾನದ್ದೆಂದು ಪ್ರವಾಸಿಗಳು ಬೆರಗಾಗುವ ಮನೆಗಳಲ್ಲಿ ಬಹುಪಾಲು ಯುದ್ಧದ ಅನಂತರದವು. ಇದನ್ನು ನಟನೆಯೆನ್ನುವವರುಂಟು, ಆದರೆ ಊರನ್ನು ಕಳೆದುಕೊಂಡ ಜನ ತಮ್ಮ ಊರನ್ನೇ ಮತ್ತೆ ಬಯಸಿದರೆ ತಪ್ಪೆನ್ನುವುದು ಹೇಗೆ? ಲೋರಿಯಾಂ ಅಗಲವಾದ ಬೀದಿಗಳ ಹೊಸ ಪಟ್ಟಣವಾಯಿತು. ಕಂಪನಿಯ ನೆನಪುಗಳನ್ನು ಹುಡುಕುವವರು ಎದುರು ದಡದ ಪೋರ್ ಲೂಯಿ ಕೋಟೆಯ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಕಾಂಕ್ರೀಟ್ ನೆಲೆ ಮಾತ್ರ ಇನ್ನೂ ನಿಂತಿದೆ. ಫ್ರೆಂಚ್ ನೌಕಾಪಡೆ 1997ರಲ್ಲಿ ಅದನ್ನು ತೊರೆದ ಮೇಲೆ, ಸಾಗರ ಪಂದ್ಯಗಳಿಗೆ ಹೋಗುವ ಹಾಯಿದೋಣಿಗಳು ಅದರ ನೆರಳಿನಲ್ಲಿ ತಂಗುತ್ತವೆ.