ಇನ್ನೊಮ್ಮೆ ನೋಡಿ ಹೇಳಿ

ಮಳೆ ಹಿಡಿದು ಮೂರು ದಿನ. ಕರೆಂಟು ಹೋದ ಮೇಲೆ ಬಚ್ಚಲ ಒಲೆಯ ಮುಂದೆಯೇ ಎಲ್ಲರ ಬಿಡಾರ. ಕೆಂಡದಲ್ಲಿ ಹಲಸಿನ ಬೀಜ ಸುಡುತ್ತಿದ್ದ ಮೊಮ್ಮಗ ಕೆಣಕಿದ: "ಅಜ್ಜ, ಕೆಲಸದಲ್ಲಿದ್ದಾಗ ನೀನು ಹೇಳಿದಂತೆ ಮಳೆ ಬರುತ್ತಿತ್ತಾ?"

ಹೇಳುವವರು ಬೇರೆ, ಮಾರಾಯ. ನಾನು ಬರೀ ನೋಡಿ ಬರೆಯುವವನು, ವೀಕ್ಷಕ. ರಾತ್ರಿ ಎರಡೂವರೆಗೆ ಟಾರ್ಚ್ ಹಿಡಿದು ಏಳಬೇಕು. ಬ್ಯಾರೋಮೀಟರಿನ ಮುಂದೆ ನಿಂತೊಡನೆ ಮೊದಲು ಅದಕ್ಕೆ ಕೂಡಿಸಿರುವ ಥರ್ಮಾಮೀಟರ್ ಓದಿಬಿಡಬೇಕು. ತಡಮಾಡಿದರೆ ನಮ್ಮ ಮೈಬಿಸಿಯೇ ಅದಕ್ಕೆ ತಾಗುತ್ತದೆ. ಆಮೇಲೆ ಉಗುರಿನಿಂದ ಮೆಲ್ಲಗೆ ತಟ್ಟಿ, ಕಣ್ಣನ್ನು ಪಾದರಸದ ನೆತ್ತಿಯ ಮಟ್ಟಕ್ಕೆ ತಂದು ಅಂಕಿ ಓದುವುದು. ಒಂದು ರಾತ್ರಿ ಹಾಗೆ ಕಳಿಸಿ ಮಲಗಿದ್ದೆ. ಮೇಲಿನ ಕಚೇರಿಯಿಂದ ಫೋನು: "ಇನ್ನೊಮ್ಮೆ ನೋಡಿ ಹೇಳಿ." ನಿದ್ದೆಗಣ್ಣಲ್ಲಿ 1004 ಇದ್ದದ್ದನ್ನು 1014 ಎಂದು ಬರೆದಿದ್ದೆ. ತಿಂದ ಬೈಗುಳ ಮರೆತೆ. ಮರುದಿನ ಹಿರಿಯ ಸಹೋದ್ಯೋಗಿಯೊಬ್ಬರು ಚಹಾ ಕುಡಿಯುತ್ತ ಹೇಳಿದ ಕಥೆ ಮರೆತಿಲ್ಲ. ಆಮೇಲೆ ನಾನೇ ಓದಿ ಸೇರಿಸಿಕೊಂಡದ್ದೂ ಇದೆ ಅನ್ನಿ.

ಅದು 1944. ಐರ್ಲೆಂಡಿನ ಪಶ್ಚಿಮದ ತುದಿಯಲ್ಲಿ ಬ್ಲ್ಯಾಕ್‌ಸಾಡ್ ಎಂಬ ಊರು. ಅದರಾಚೆ ಅಟ್ಲಾಂಟಿಕ್ ಸಮುದ್ರ, ಮತ್ತೇನಿಲ್ಲ. ಅಂಚೆ ಕಚೇರಿಗೆ ಸಹಾಯಕಿ ಬೇಕೆಂಬ ಜಾಹೀರಾತು ನೋಡಿ ಮೋರೀನ್ ಫ್ಲಾವಿನ್ ಎಂಬ ಹುಡುಗಿ ಅದಕ್ಕೂ ಮೊದಲೇ ಅಲ್ಲಿಗೆ ಬಂದಿದ್ದಳು. ಹವಾಮಾನ ಬರೆಯುವುದೂ ಅದೇ ಕೆಲಸದ ಪಾಲೆಂದು ತಿಳಿದದ್ದು ಬಂದ ಮೇಲೆ. ಐರ್ಲೆಂಡ್ ಎರಡನೆಯ ಮಹಾಯುದ್ಧದಲ್ಲಿ ತಟಸ್ಥ. ಆದರೂ ಅಲ್ಲಿನ ವರದಿ ಸದ್ದಿಲ್ಲದೆ ಇಂಗ್ಲೆಂಡಿಗೆ ಹೋಗುತ್ತಿತ್ತು.

ಜೂನ್ 3, ಅವಳಿಗೆ 21 ತುಂಬಿದ ದಿನ. ನಡುರಾತ್ರಿ ಒಂದರ ಸುಮಾರಿಗೆ ನೋಡುತ್ತಾಳೆ, ವಾಯುಭಾರ ಸರಸರ ಇಳಿಯುತ್ತಿದೆ, ಬಿರುಗಾಳಿಯ ಸೂಚನೆ. ಬರೆದು ಕಳಿಸಿದಳು. ಎಂದೂ ಬಾರದ ಫೋನು ಬಂತು, ಇಂಗ್ಲೆಂಡಿನ ಹೆಂಗಸಿನ ದನಿ: ದಯವಿಟ್ಟು ಪರೀಕ್ಷಿಸಿ ಮತ್ತೆ ಹೇಳಿ. ಲೈಟ್‌ಹೌಸಿನ ಟೆಡ್ ಸ್ವೀನಿಯೂ ಬಂದು ನೋಡಿದ. ಓದಿದ್ದು ಸರಿಯಾಗಿಯೇ ಇತ್ತು. ಸ್ವಲ್ಪ ಹೊತ್ತು ಕಳೆದು ಮತ್ತದೇ ಫೋನು, ಅದೇ ಪ್ರಶ್ನೆ. ಇವರಿಗೆ ಏನೂ ಅರ್ಥವಾಗಲಿಲ್ಲ.

ಅರ್ಥವಾಗಬೇಕಿದ್ದರೆ ಪೋರ್ಟ್ಸ್‌ಮತ್ ಬಳಿಯ ಸೌತ್‌ವಿಕ್ ಹೌಸಿಗೆ ಹೋಗಬೇಕಿತ್ತು. ಜರ್ಮನ್ನರ ಕೈಲಿದ್ದ ಫ್ರಾನ್ಸಿನ ನಾರ್ಮಂಡಿ ದಡಕ್ಕೆ ದಂಡಿಳಿಸಲು ಮಿತ್ರಪಡೆಗಳು ಹೊಂಚು ಹಾಕುತ್ತಿದ್ದದ್ದು ಅಲ್ಲಿಂದ. ಅಲ್ಲಿನ ಗೋಡೆ ತುಂಬ ಪ್ಲೈವುಡ್ಡಿನ ನಕ್ಷೆ. ಮಾಡಿಕೊಟ್ಟದ್ದು ಚಾಡ್ ವ್ಯಾಲಿ ಎಂಬ ಆಟಿಕೆ ಕಂಪನಿ! ಗುಟ್ಟು ಹೊರಬೀಳಬಾರದೆಂದು ಯುರೋಪಿನ ಕರಾವಳಿಯನ್ನೆಲ್ಲ ಮಾಡಿಸಿ, ಏರಿಸಿದ್ದು ಮಾತ್ರ ನಾರ್ಮಂಡಿಯ ತುಂಡನ್ನು. ಅದನ್ನು ಜೋಡಿಸಿದ ಕೆಲಸಗಾರರಿಬ್ಬರನ್ನು ದಾಳಿ ನಡೆಯುವವರೆಗೆ ಹೊರಗೆ ಬಿಡಲಿಲ್ಲವಂತೆ. ಪಾಪ, ಹೆಂಡತಿಯರಿಗೆ ಏನು ಸಬೂಬು ಹೋಗಿತ್ತೋ.

ಆ ದಂಡಿಗೂ ಮುಹೂರ್ತ ಬೇಕಿತ್ತು. ಪ್ಯಾರಾಶೂಟಿನವರಿಗೆ ಬೆಳದಿಂಗಳು, ದಡದಲ್ಲಿ ಜರ್ಮನ್ನರು ನೆಟ್ಟ ಅಡೆತಡೆ ಕಾಣಲು ಬೆಳಗಿನ ಹೊತ್ತಿಗೆ ನೀರಿನ ಇಳಿತ. ಎರಡೂ ಕೂಡಿಬರುವುದು ಜೂನ್ 5, 6, 7ಕ್ಕೆ. ಆಯ್ದದ್ದು 5. ಹವಾಮಾನ ಹೇಳಲು ಮೂರು ತಂಡ. ಅಮೆರಿಕದವರು ಹಳೆಯ ವರ್ಷಗಳ ನಕ್ಷೆ ಹೋಲಿಸಿ 5 ಆದೀತು ಎಂದರು. ಡನ್‌ಸ್ಟೇಬಲ್‌ನ ಬ್ರಿಟಿಷ್ ಹವಾಮಾನ ಕಚೇರಿಯ ಪೆಟ್ಟರ್ಸನ್ ಕೂಡದು ಎಂದ. ನಾನು ಪೆಟ್ಟರ್ಸನ್ನನ ಕಡೆ. ಹಳೆಯ ಪಂಚಾಂಗದಲ್ಲಿ ಈ ವರ್ಷದ ಮಳೆ ಹುಡುಕಿದರೆ ಸಿಗುತ್ತದೆಯೇ? ಮೂರು ಬಾಯಿಯ ಮಾತನ್ನು ಒಂದೇ ಬಾಯಲ್ಲಿ ದಂಡನಾಯಕ ಐಸೆನ್‌ಹೋವರ್‌ಗೆ ಒಪ್ಪಿಸುವ ಗ್ರಹಚಾರ ಜೇಮ್ಸ್ ಸ್ಟಾಗ್ ಎಂಬ ಸ್ಕಾಟಿಷ್ ಅಧಿಕಾರಿಯದು.

ಮೋರೀನ್ ಕಳಿಸಿದ ಅಂಕಿಯೂ ಬಿರುಗಾಳಿಯನ್ನೇ ಹೇಳುತ್ತಿತ್ತು. 4ರ ನಸುಕಿನಲ್ಲಿ ದಾಳಿ ಒಂದು ದಿನ ಮುಂದಕ್ಕೆ ಹೋಯಿತು. ಹೊರಟಿದ್ದ ಹಡಗುಗಳು ತಿರುಗಿದವು. ಒಳಗಿನ ಸೈನಿಕರು ವಾಂತಿ ಮಾಡಿಕೊಳ್ಳುತ್ತ ಅಲ್ಲೇ ಉಳಿದರು. ಅವತ್ತೇ ಮಧ್ಯಾಹ್ನ ಬ್ಲ್ಯಾಕ್‌ಸಾಡಿನಲ್ಲಿ ಮಳೆ ಬಿಟ್ಟು ಆಕಾಶ ತಿಳಿಯಾಗತೊಡಗಿತು. ಪಶ್ಚಿಮದಲ್ಲಿ ಬಿಟ್ಟ ಮಳೆ ಪೂರ್ವದಲ್ಲೂ ಬಿಡಬೇಕಲ್ಲ. ರಾತ್ರಿ ಸ್ಟಾಗ್ ಬಂದು, ನಡುವೆ ಒಂದು ಬಿಡುವು ಸಿಗುತ್ತದೆ ಎಂದ. ಹೊರಗೆ ಆಗಲೂ ಗಾಳಿಮಳೆ. ಅದನ್ನು ಕೇಳುತ್ತ ಕೂತು ಹೂಂ ಅನ್ನುವುದಕ್ಕೆ ಎಂಟೆದೆ ಬೇಕು. ಐಸೆನ್‌ಹೋವರ್ ಹೂಂ ಅಂದ. ಸೋತರೆ ತಪ್ಪೆಲ್ಲ ನನ್ನದೆಂದು ಒಂದು ಚೀಟಿಯನ್ನೂ ಬರೆದಿಟ್ಟುಕೊಂಡ. ಗಾಬರಿಯಲ್ಲಿ ಅದರ ಮೇಲೆ ಜೂನ್ ಬದಲು ಜುಲೈ 5 ಎಂದು ಗೀಚಿದ್ದಾನೆ. 1014 ಬರೆದವನಿಗೆ ಇದರಿಂದ ಎಷ್ಟು ಸಮಾಧಾನ ಗೊತ್ತೇ!

ಜರ್ಮನ್ನರಿಗೆ ಅಟ್ಲಾಂಟಿಕ್ ಕಡೆಯ ಅಂಕಿ ಸಿಗುತ್ತಿದ್ದದ್ದು ಅಲ್ಪಸ್ವಲ್ಪ. ಈ ಗಾಳಿಯಲ್ಲಿ ಯಾರು ಬಂದಾರು ಎಂದು ಅವರ ಸೇನಾಪತಿ ರೊಮೆಲ್ ತನ್ನ ಹೆಂಡತಿಯ ಹುಟ್ಟುಹಬ್ಬಕ್ಕೆ ಊರಿಗೆ ಹೋಗಿದ್ದ. 6ರಂದು ಸುಮಾರು 1,56,000 ಮಂದಿ ನಾರ್ಮಂಡಿಗೆ ಇಳಿದರು. ತಪ್ಪಿದ್ದರೆ ಮುಂದಿನ ಇಳಿತ ಕೂಡಿಬರುತ್ತಿದ್ದದ್ದು ಎರಡು ವಾರದ ಮೇಲೆ. ಸರಿಯಾಗಿ ಆ ಹೊತ್ತಿಗೇ, ಜೂನ್ 19ರಂದು ಎದ್ದ ಬಿರುಗಾಳಿ, ನಾರ್ಮಂಡಿಯ ಒಮಾಹಾ ದಡದಲ್ಲಿ ಮಿತ್ರಪಡೆ ಕಟ್ಟಿದ್ದ ಕೃತಕ ಬಂದರನ್ನೇ ನುಚ್ಚುನೂರು ಮಾಡಿತು.

ಮೋರೀನ್ ಆ ಟೆಡ್‌ನನ್ನೇ ಮದುವೆಯಾದಳು. ಅವತ್ತಿನ ಫೋನು ಯಾತಕ್ಕೆಂದು ಅವರಿಗೆ ತಿಳಿದದ್ದು 1956ರಲ್ಲಿ. 2023ರಲ್ಲಿ, ನೂರು ದಾಟಿ ತೀರಿಕೊಂಡಳು.

"ನಿನ್ನ 1014ರಿಂದ ಏನಾಯಿತು, ಅಜ್ಜ?"

ಏನಾಗುತ್ತದೆ? ಮಳೆ ಬಂತು. ಬೀಜ ಕರಟುತ್ತಿದೆ, ತೆಗೆ.